ಗ್ಯಾಸ್ ಪೈಪ್: ಹೂಳೋದಾ, ಕಂಬದ ಮೇಲಾ?

ವರ್ಷಪೂರ್ತಿ ಹೆಪ್ಪುಗಟ್ಟಿರುವ ನೆಲದಲ್ಲಿ ಪೈಪ್ ಹಾಕೋದು ಅಂದ ತಕ್ಷಣ ಎಲ್ಲರೂ ತೋರಿಸುವುದು 1977ರ ಅಲಾಸ್ಕಾ ಪೈಪ್‌ಲೈನ್. ಅದು ಅರ್ಧಕ್ಕಿಂತ ಜಾಸ್ತಿ ಕಂಬದ ಮೇಲೇ ಇದೆ, ನಿಜ. ಆದರೆ ಅದರಲ್ಲಿ ಹರಿಯುವುದು ಬಿಸಿ ಕಚ್ಚಾ ತೈಲ ಅಲ್ವಾ, ಹೂಳಿದ್ದರೆ ನೆಲದೊಳಗಿನ ಐಸ್ ಕರಗಿ ಪೈಪ್ ಕುಸಿಯುತ್ತಿತ್ತು. ಗ್ಯಾಸನ್ನು ಕಂಪ್ರೆಸರ್ (ಒತ್ತಡ ಹಾಕಿ ಮುಂದಕ್ಕೆ ತಳ್ಳುವ ಯಂತ್ರ) ದಾಟಿದ ಮೇಲೆ 0 ಡಿಗ್ರಿಗಿಂತ ಕೆಳಗೆ ತಣಿಸಿ ಕಳಿಸಬಹುದು, ಆಗ ಹೂಳಿದರೂ ನೆಲ ಗಟ್ಟಿಯಾಗೇ ಇರುತ್ತದೆ.

ತೊಂದರೆ ಬೇರೆ ಕಡೆ. ನದಿ ದಾಟುವಂಥ, ಹೆಪ್ಪುಗಟ್ಟದ ಜಾಗದಲ್ಲಿ ತುಂಬಾ ಸಣ್ಣ ಕಣದ ಮಣ್ಣಿದ್ದರೆ ಈ ತಣ್ಣನೆ ಪೈಪಿನ ಕಡೆಗೆ ನೀರು ಜರುಗಿ ಬಂದು, ಪದರ ಪದರವಾಗಿ ಐಸ್ ಆಗಿ, ಪೈಪನ್ನೇ ಮೇಲಕ್ಕೆ ಎತ್ತುತ್ತದೆ. ಪಕ್ಕದ ತುಂಡು ಅಲ್ಲಾಡದಿದ್ದರೆ ನಡುವೆ ಬಾಗುತ್ತದೆ.

ಕಂಬದ್ದು ರಿಪೇರಿಗೆ ಸುಲಭ. ಖರ್ಚು ಜಾಸ್ತಿ, ಹಿಮಸಾರಂಗಗಳಿಗೂ ಅಡ್ಡ. ದಾರಿಯುದ್ದಕ್ಕೂ ಹೆಪ್ಪುಗಟ್ಟಿದ ನೆಲವಾದರೆ ನನ್ನ ಓಟು ಹೂಳುವುದಕ್ಕೇ. ಅಲ್ಲಲ್ಲಿ ಮಾತ್ರ ಹೆಪ್ಪುಗಟ್ಟಿದ್ದರೆ ಮೊದಲು ಬೋರ್ ಹಾಕಿ ಮಣ್ಣು ನೋಡಿ.