ಎಐ ಟ್ಯಾಬ್ ಅಂತ ಶಾಲೆಗೆ ಬಂದರೆ ಓಟಿಪಿ ಕೊಡಬೇಡಿ

ಕಲಬುರಗಿಯ ಪಾಲಕರೇ, ದಯವಿಟ್ಟು ಪೂರ್ತಿ ಓದಿ. ಪಾಲಕರ ಸಭೆ ಅಂತ ಕರೆದು, "ಪ್ರತಿ ಮಗುವಿಗೂ ಅದರ ಲೆವೆಲ್‌ಗೆ ತಕ್ಕ ಪಾಠ" ಅಂತ ಎಐ ಟ್ಯಾಬ್ ಮಾರುವವರು ಲ್ಯಾಪ್‌ಟಾಪ್ ತೆರೆದರೆ ಅಲ್ಲಿಂದ ಎದ್ದು ಬನ್ನಿ.

ನಮ್ಮ ಮಗಳ ಶಾಲೆಗೂ ಹೀಗೇ ಬಂದ ಏಜೆಂಟರು ನಮ್ಮಿಂದ ಆಧಾರ್, ಪ್ಯಾನ್ ಫೋಟೊ ತಗೊಂಡರು. ಡೆಮೊ ನೋಂದಣಿಗೆ ಅಂದರು. ಓಟಿಪಿ ಕೇಳಿದರು. ಅದು ಸಾಲದ ಓಟಿಪಿ! ತಿಂಗಳಿಗೆ 2,400 ರೂಪಾಯಿ, 18 ಕಂತು ಅಂತ ಫೈನಾನ್ಸ್ ಕಂಪನಿಯ ಮೆಸೇಜ್ ಬಂದಾಗಲೇ ಗೊತ್ತಾಗಿದ್ದು. ಗಂಜ್‌ನಲ್ಲಿ ಹಮಾಲಿ ಮಾಡುವವರೂ ಆ ಸಭೆಯಲ್ಲಿದ್ದರು. ಅವರನ್ನೂ ಬಿಡಲಿಲ್ಲ.

ಹೋಗಲಿ, ಮಗಳು ಕಲಿತರೆ ಸಾಕು ಅಂದುಕೊಂಡೆ. ಆರನೇ ಕ್ಲಾಸ್ ಅವಳು. ಭಿನ್ನರಾಶಿ ಲೆಕ್ಕ ಬಂತು, 1/2 + 1/3. ಅವಳು 2/5 ಅಂತ ಒತ್ತಿದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾಳೆ. ಎಷ್ಟೋ ಮಕ್ಕಳು ಹೀಗೇ ಮಾಡುತ್ತಾರೆ. ಮಗುವಿಗೆ ತಕ್ಕಂತೆ ಬದಲಾಗುವ ಪ್ರೋಗ್ರಾಂ ಇದನ್ನು ಹಿಡಿಯಬೇಕು, ಛೇದ ಸಮ ಮಾಡುವ ಪಾಠಕ್ಕೆ ಮಗುವನ್ನು ವಾಪಸ್ ಕರೆದುಕೊಂಡು ಹೋಗಬೇಕು. ಅವರು ಮಾರಿದ್ದೇ ಅದನ್ನಲ್ವಾ? ಈ ಟ್ಯಾಬ್ ಬರೀ "ಟ್ರೈ ಅಗೇನ್" ಅಂದಿತು. ಮತ್ತೆ ಅದೇ ಲೆಕ್ಕ. ಮತ್ತೆ 2/5. ಆಮೇಲೆ ಸೀದಾ ದಶಮಾಂಶದ ವಿಡಿಯೊ, ಅದೂ ಇಂಗ್ಲಿಷ್‌ನಲ್ಲಿ. ನಮ್ಮದು ಕನ್ನಡ ಮಾಧ್ಯಮ.

ಪಕ್ಕದ ಮನೆ ಹುಡುಗನೂ ಅದೇ ಕ್ಲಾಸ್, ಲೆಕ್ಕದಲ್ಲಿ ತುಂಬಾ ಚುರುಕು. ಎರಡೂ ಟ್ಯಾಬ್ ಅಕ್ಕಪಕ್ಕ ಇಟ್ಟು ನೋಡಿದೆವು. ಅದೇ ಪ್ರಶ್ನೆ. ಅದೇ ವಿಡಿಯೊ. ಮೇಲೆ ಮಕ್ಕಳ ಹೆಸರು ಮಾತ್ರ ಬೇರೆ. ನಾವು ತಗೊಂಡಿದ್ದು ನೋಡಿ ಅವರೂ ತಗೊಂಡಿದ್ದರು. ಆ ಹುಡುಗನ ತಾಯಿಯ ಮುಖ ನೋಡಲು ನನಗೆ ಆಗಲಿಲ್ಲ.

ಏಜೆಂಟ್‌ಗೆ ಫೋನ್ ಮಾಡಿದೆ. "ಅಕ್ಕಾರ, ಎಐಗೆ ನಿಮ್ಮ ಮಗಳು ತಿಳೀಲಿಕ್ಕೆ ಟೈಮ್ ಬೇಕ್ರಿ, ಮೂರು ತಿಂಗಳು ಬಳಸ್ರಿ." ವಾಪಸ್ ತಗೊಳ್ಳಿ ಅಂದರೆ, "ಬಾಕ್ಸ್ ಓಪನ್ ಆಗ್ಯಾದ, ರಿಟರ್ನ್ ಬರಂಗಿಲ್ಲ." ಬಾಕ್ಸ್ ಓಪನ್ ಮಾಡಿದ್ದು ಅವನೇ! ನಮ್ಮ ಮನೆಯಲ್ಲಿ ಕೂತು, ಚಹಾ ಕುಡಿಯುತ್ತಾ, ಅವನೇ! ಸಾಲದ ಬಗ್ಗೆ ಕೇಳಿದರೆ ಟ್ಯಾಬ್ ಕಂಪನಿಯವರು ಫೈನಾನ್ಸ್ ಕಂಪನಿ ಕಡೆ ಬೆರಳು ತೋರಿಸುತ್ತಾರೆ, ಅವರು ಇವರ ಕಡೆ. ಹೆಡ್‌ಮಾಸ್ಟರ್ ಅಂತೂ "ನಾವು ಬರೀ ಹಾಲ್ ಕೊಟ್ಟೀವ್ರಿ" ಅಂದರು. ಹಾಲ್ ಕೊಟ್ಟರಂತೆ! ಸಭೆಗೆ ಬರಲೇಬೇಕು ಅಂತ ಮಕ್ಕಳ ಡೈರಿಯಲ್ಲಿ ಬರೆದು ಕಳಿಸಿದ್ದು ಯಾರು?

ಇಂಥ ಕಂಪನಿಗಳ ಬಗ್ಗೆ, ಖಾತೆಯಿಂದ ತಾನಾಗಿ ದುಡ್ಡು ಕಡಿತ ಆಗುವ ವ್ಯವಸ್ಥೆಗೆ ಒಪ್ಪಬೇಡಿ ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಹೇಳಿದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಡಿಜಿಟಲ್ ಸಾಲವನ್ನು ಶುರುವಿನ ಕೆಲವು ದಿನಗಳಲ್ಲಿ ಅಸಲು, ಅಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಬಿಡಬಹುದು. ನಮಗೆ ಒಬ್ಬರೂ ಹೇಳಲಿಲ್ಲ. ಡೆಮೊದಲ್ಲಿ ಏಜೆಂಟರು ತೋರಿಸುವ ಮಗುವಿನ ಲೆಕ್ಕ ನೋಡಬೇಡಿ. ನಿಮ್ಮ ಮಗುವನ್ನೇ ಕೂರಿಸಿ, ಬೇಕಂತಲೇ ತಪ್ಪು ಉತ್ತರ ಕೊಡಿಸಿ, ಮುಂದೆ ಏನು ಬರುತ್ತದೆ ನೋಡಿ. ಪಾಠದ ವಿಡಿಯೊ ಬೇಕಿದ್ದರೆ ಸರ್ಕಾರದ ದೀಕ್ಷಾ ಆ್ಯಪ್ ಇದೆ, ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು, ಪುಕ್ಕಟೆ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಕಂತು ಇನ್ನೂ ಕಡಿತ ಆಗುತ್ತಲೇ ಇದೆ. ಅದೇ ಸಭೆಯಲ್ಲಿ ಸಿಕ್ಕಿಬಿದ್ದವರು ಮೆಸೇಜ್, ರಸೀದಿ ಯಾವುದನ್ನೂ ಅಳಿಸಬೇಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎಲ್ಲರೂ ಸೇರಿ ಹೋಗೋಣ.