ವಿದ್ಯಾರ್ಥಿ ಭವನ, ಗಾಂಧಿ ಬಜಾರ್: ದೋಸೆಯ ಜೊತೆಗೆ ಶುಕ್ರವಾರದ ರಜೆಗೂ ಅಂಕ ಕೊಡಬೇಕು

ಬಸವನಗುಡಿಯ ವಿದ್ಯಾರ್ಥಿ ಭವನದ ಬಗ್ಗೆ ಬರೆಯುವವರೆಲ್ಲ ಮಸಾಲೆ ದೋಸೆಯಿಂದಲೇ ಆರಂಭಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. 1943ರಿಂದ ನಡೆದುಕೊಂಡು ಬಂದಿರುವ ಹೋಟೆಲಿಗೆ ಇಂದಿಗೂ ಜನ ಸಾಲು ನಿಲ್ಲುವುದು ದೋಸೆಯ ಸಲುವಾಗಿಯೇ. ಆದರೆ ಈ ಹೋಟೆಲಿನ ಇನ್ನೊಂದು ನಡವಳಿಕೆ ವಿಮರ್ಶೆಗಳಲ್ಲಿ ‘ಗಮನಿಸಿ: ಶುಕ್ರವಾರ ರಜೆ’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಎಷ್ಟೋ ಮಂದಿ ಅದನ್ನು ಕೊರತೆಯ ಪಟ್ಟಿಗೆ ಸೇರಿಸುವುದೂ ಉಂಟು. ಹೋಟೆಲನ್ನೋ ಅಂಗಡಿಯನ್ನೋ ಅಳೆಯುವಾಗ ರುಚಿ, ಶುಚಿ, ಬೆಲೆ, ಕೂರುವ ಜಾಗ, ಗಾಡಿ ನಿಲ್ಲಿಸುವ ಅನುಕೂಲ ಎಲ್ಲವನ್ನೂ ನೋಡುವ ನಾವು, ಅಲ್ಲಿ ದುಡಿಯುವವರಿಗೆ ಬಿಡುವು ಉಂಟೇ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾರ್ವಜನಿಕ ರಜೆಗಳಲ್ಲಿ ಅಂಗಡಿ ಮುಂಗಟ್ಟುಗಳು ಮುಚ್ಚಬೇಕೇ ಬೇಡವೇ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ಈ ಹೋಟೆಲಿನ ಶುಕ್ರವಾರವೇ ನೆನಪಾಗುವುದರಿಂದ, ಇಲ್ಲಿ ಎರಡನ್ನೂ ಒಟ್ಟಿಗೆ ತೂಗಲು ಹೊರಟಿದ್ದೇನೆ.

ಮೊದಲು ತಿಂಡಿಯ ಮಾತು. ಇಲ್ಲಿನ ಮಸಾಲೆ ದೋಸೆ ಕಾಗದದಂತೆ ತೆಳುವಾಗಿ ಹರಡಿದ ದೋಸೆಯಲ್ಲ. ಹೊರಮೈ ಕೆಂಪಗೆ ಕಾದು ಗರಿಗರಿಯಾಗಿರುತ್ತದೆ, ಒಳಮೈ ಮೆತ್ತಗೆ ದಪ್ಪವಾಗಿರುತ್ತದೆ, ಮಡಿಕೆಯೊಳಗೆ ಆಲೂಗಡ್ಡೆ ಪಲ್ಯ ಹದವಾಗಿ ಕೂತಿರುತ್ತದೆ, ಮುರಿದ ತುಂಡಿನಿಂದ ಬೆರಳಿಗೆ ತುಪ್ಪ ಅಂಟುತ್ತದೆ. ಸಾಂಬಾರು ಕೇಳಬೇಡಿ, ಇಲ್ಲಿ ಅದರ ಪದ್ಧತಿಯಿಲ್ಲ. ತೆಳ್ಳಗಿನ ಚಟ್ನಿಯನ್ನು ತಟ್ಟೆಗೆ ಧಾರಾಳವಾಗಿ ಸುರಿಯುತ್ತಾರೆ, ದೋಸೆಯ ತುದಿ ಅದರಲ್ಲಿ ನೆನೆಯುವ ಮೊದಲೇ ಮುಗಿಸಬೇಕೆನ್ನುವವರೂ, ನೆನೆದ ಮೇಲೆಯೇ ರುಚಿಯೆನ್ನುವವರೂ ಒಂದೇ ಮೇಜಿನಲ್ಲಿ ಎದುರುಬದುರು ಕೂತಿರುತ್ತಾರೆ. ನಾನು ಎರಡನೆಯ ಪಂಗಡದವನು. ರವೆ ವಡೆ ಚೆನ್ನಾಗಿರುತ್ತದೆ, ಬಿಸಿಯಿದ್ದಾಗ ಮಾತ್ರ. ಕೇಸರಿಬಾತ್ ನನ್ನ ನಾಲಿಗೆಗೆ ತುಸು ಹೆಚ್ಚೇ ಸಿಹಿ. ಕಾಫಿಗೆ ದೂರಿಲ್ಲ.

ಗೋಡೆಯ ಮೇಲಿನ ಕನ್ನಡದ ಹಿರಿಯರ ಚಿತ್ರಗಳನ್ನು ನೋಡುತ್ತ ಸರದಿಗೆ ಕಾಯುವುದು ಎಲ್ಲರ ಅನುಭವ. ಹಾಗೆ ಕೂತಾಗ ಚಿತ್ರಗಳಿಂದ ಕಣ್ಣು ತೆಗೆದು ಬಡಿಸುವವರ ಮುಂಗೈಯನ್ನು ಒಮ್ಮೆ ಗಮನಿಸಬೇಕೆಂದು ನನ್ನ ಕೋರಿಕೆ. ಬಿಳಿ ಪಂಚೆ, ಬಿಳಿ ಶರ್ಟು ತೊಟ್ಟವರು ದೋಸೆಯ ತಟ್ಟೆಗಳನ್ನು ಬೆರಳ ತುದಿಯಿಂದ ಮೊಣಕೈವರೆಗೆ ಒಂದರ ಮೇಲೊಂದು ಏರಿಸಿಕೊಂಡು, ಮೇಜುಗಳ ನಡುವಿನ ಇಕ್ಕಟ್ಟಿನಲ್ಲಿ ತಿರುಗುತ್ತ, ಯಾರದು ಮಸಾಲೆ, ಯಾರದು ಸಾದಾ ಎಂಬುದನ್ನು ಚೀಟಿಯಿಲ್ಲದೆ ನೆನಪಿಟ್ಟುಕೊಂಡು ಒಂದೊಂದಾಗಿ ಇಳಿಸುತ್ತಾರೆ. ನೋಡುವವರಿಗೆ ಇದೊಂದು ಚಮತ್ಕಾರ, ಮೊಬೈಲು ತೆಗೆದು ಚಿತ್ರೀಕರಿಸುವವರಿಗಂತೂ ಹಬ್ಬ. ಆದರೆ ಆ ತಟ್ಟೆಗಳ ಭಾರ ಎಡ ಭುಜದಲ್ಲಿ ಇಳಿಯುವ ಬಗೆಯನ್ನು, ಒಳಗೆ ಕಾವಲಿಯ ಮುಂದೆ ನಿಂತವರು ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಸಾಲಾಗಿ ಹಿಟ್ಟು ಹೊಯ್ಯುವಾಗ ಮುಖಕ್ಕೆ ರಾಚುವ ಆವಿಯನ್ನು ಯೋಚಿಸಿದರೆ, ಇಂಥ ಕೆಲಸವನ್ನು ವಾರದ ಏಳೂ ದಿನ ಮಾಡುವುದು ಯಾವ ದೇಹಕ್ಕೂ ಸಾಧ್ಯವಿಲ್ಲವೆಂದು ಯಾರೂ ವಾದಿಸಿ ಹೇಳಬೇಕಾಗುವುದಿಲ್ಲ. ಮಧ್ಯಾಹ್ನ ಒಂದಷ್ಟು ಹೊತ್ತು ಬಾಗಿಲು ಹಾಕುವುದು, ಶುಕ್ರವಾರ ಪೂರ್ತಿ ಹಾಕುವುದು ಇಲ್ಲಿನ ಕ್ರಮ.

ಶುಕ್ರವಾರ ವ್ಯಾಪಾರ ಸೊರಗುವ ದಿನವಾಗಿದ್ದರೆ ಈ ರಜೆಯಲ್ಲಿ ಹೊಗಳುವಂಥದ್ದು ಏನೂ ಇರುತ್ತಿರಲಿಲ್ಲ. ಗಾಂಧಿ ಬಜಾರಿನಲ್ಲಿ ಶುಕ್ರವಾರವೆಂದರೆ ಹೂವು, ಹಣ್ಣು, ವೀಳ್ಯದೆಲೆಯ ಭರಾಟೆ, ದೇವಸ್ಥಾನಕ್ಕೆ ಹೋಗಿಬರುವವರ ಓಡಾಟ. ಅಂಥ ದಿನ ಬಾಗಿಲು ಹಾಕುವುದೆಂದರೆ ಕೈಗೆ ಬಂದ ದುಡ್ಡನ್ನು ಬೇಡವೆಂದಂತೆ. ಹಾಗೆ ಬೇಡವೆನ್ನುವುದರಲ್ಲಿ ಈ ಹೋಟೆಲು ಒಂಟಿಯೂ ಅಲ್ಲ. 1924ರಲ್ಲಿ ಆರಂಭವಾದ ಎಂಟಿಆರ್‌ನ ಲಾಲ್‌ಬಾಗ್ ರಸ್ತೆಯ ಹೋಟೆಲಿಗೆ ಸೋಮವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಡೀ ಊರು ತಿಂಡಿಗೆಂದು ಹೊರಬೀಳುವ ಭಾನುವಾರವೇ ಮುಚ್ಚಿರುತ್ತದೆ. ನಮ್ಮ ಕ್ಷೌರದಂಗಡಿಗಳನ್ನೇ ನೋಡಿ: ಮಂಗಳವಾರ ಅವು ತೆರೆಯುವುದಿಲ್ಲವೆಂಬುದು ರಾಜ್ಯದ ಬಹುಭಾಗದಲ್ಲಿ ಮಕ್ಕಳಿಗೂ ಗೊತ್ತು, ಅದರಿಂದಾಗಿ ಯಾರ ತಲೆಗೂದಲೂ ಕತ್ತರಿ ಕಾಣದೆ ಉಳಿದಿಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದ ರೈತ ಮಂಗಳವಾರ ಉತ್ತು ಬಿತ್ತಿದಂತೆಯೇ ಇದು; ದಿನ ಗೊತ್ತಾಗಿದ್ದರೆ ಉಳಿದ ಕೆಲಸ ಅದರ ಸುತ್ತ ತಾನಾಗಿ ಹೊಂದಿಕೊಳ್ಳುತ್ತದೆ. ಗಿರಾಕಿ ತಪ್ಪಿಹೋಗುತ್ತಾನೆ ಎಂಬ ಭಯಕ್ಕೆ ಈ ಹಳೆಯ ಹೋಟೆಲುಗಳ ಮುಂದಿನ ಸಾಲೇ ಉತ್ತರ.

ಕಾನೂನಿನ ಮೂಲ ಕ್ರಮವೂ ಇದೇ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ದುಡಿಮೆಯ ಮಿತಿ ಹಾಕಿ, ವಾರದ ರಜೆಯನ್ನು ಕಡ್ಡಾಯ ಮಾಡಿತು. ಅದರ ಬೆನ್ನಿಗೆ ಬಂದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1ರ ಜೊತೆಗೆ ಐದು ಹಬ್ಬದ ರಜೆಗಳನ್ನು ಸಂಬಳಸಹಿತವಾಗಿ ಕೊಡಬೇಕೆನ್ನುತ್ತದೆ. ಆ ದಿನ ದುಡಿದರೆ ಎರಡು ಪಟ್ಟು ಕೂಲಿ, ಇಲ್ಲವೇ ಅಂದಿನ ಕೂಲಿಯ ಜೊತೆಗೆ ಬೇರೊಂದು ದಿನ ಸಂಬಳದ ರಜೆ. ಇವೆರಡರಲ್ಲಿ ಯಾವುದು ಬೇಕೆಂದು ಆರಿಸಿಕೊಳ್ಳುವ ಹಕ್ಕನ್ನು ಕಾಯ್ದೆ ನೌಕರನ ಕೈಗೇ ಕೊಟ್ಟಿದೆ. ಆಮೇಲೆ 2021ರ ಜನವರಿಯಲ್ಲಿ ರಾಜ್ಯ ಸರ್ಕಾರ, ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು ವರ್ಷದ 365 ದಿನವೂ, ದಿನದ 24 ಗಂಟೆಯೂ ತೆರೆದಿರಬಹುದೆಂದು ಆದೇಶಿಸಿತು. ವಾರದ ರಜೆಯನ್ನು ಸರದಿಯ ಮೇಲೆ ಕೊಡಬೇಕು, ಅಂದು ಯಾರು ರಜೆಯಲ್ಲಿದ್ದಾರೆಂಬ ವಿವರವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂಬ ಷರತ್ತುಗಳೂ ಅದರಲ್ಲಿದ್ದವು. ಕಾಗದದ ಮೇಲೆ ನೌಕರ ಏನನ್ನೂ ಕಳೆದುಕೊಂಡಿಲ್ಲ, ವಾರಕ್ಕೊಂದು ದಿನ ಅವನಿಗೆ ಸಿಕ್ಕೇ ಸಿಗುತ್ತದೆ.

ಸರದಿಯ ರಜೆಯ ಹಣೆಬರಹ ತಿಳಿಯಬೇಕಾದರೆ ಬಿಲ್ ಹಾಕುವವರನ್ನು ಕೇಳಬೇಕು. ನಮ್ಮ ಬಡಾವಣೆಯ ಸೂಪರ್ ಮಾರ್ಕೆಟ್ ಒಂದರಲ್ಲಿ ಬಲಿಪಾಡ್ಯಮಿಯ ಸಂಜೆ ಎಣ್ಣೆ, ಬತ್ತಿ, ಹಾಲಿನ ಬಿಲ್ಲು ಮಾಡಿಸುತ್ತಿದ್ದಾಗ, ಕೌಂಟರಿನಲ್ಲಿದ್ದ ಹೆಣ್ಣುಮಗಳು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸುತ್ತ ನಿಂತೇ ಇದ್ದರು, ಹಿಂದೆ ಕುರ್ಚಿಯಿರಲಿಲ್ಲ. (ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲೇ ಬರೆದವು, ನಮ್ಮಲ್ಲಿ ಆ ಮಾತಿಗೆ ಇನ್ನೂ ಬಿಸಿ ಹತ್ತಿಲ್ಲ.) ಹಬ್ಬಕ್ಕೆ ರಜೆಯಿಲ್ಲವೇನಮ್ಮಾ ಎಂದಾಗ ಬಂದ ಉತ್ತರ ಹೀಗಿತ್ತು: ‘ಕಾಂಪ್ ಆಫ್ (ಬದಲಿ ರಜೆ) ಕೊಡ್ತಾರೆ ಸಾರ್, ಬುಧವಾರ ಹಾಕವ್ರೆ. ಬುಧವಾರ ಮನೇಲಿದ್ದು ಏನ್ಮಾಡ್ಲಿ, ಮಕ್ಕಳು ಸ್ಕೂಲಿಗ್ ಹೋಗಿರ್ತವೆ, ಅವರು ಕೆಲಸಕ್ಕೆ ಹೋಗಿರ್ತಾರೆ.’ ಎರಡು ಪಟ್ಟು ಕೂಲಿ ಕೇಳಬಹುದಿತ್ತಲ್ಲ ಎಂದೆ. ‘ಅದೆಲ್ಲ ಮ್ಯಾನೇಜರ್ ಹೇಳ್ದಂಗೆ’ ಎಂದು ಚೀಲ ನನ್ನ ಕೈಗಿತ್ತರು. ರಜೆಯಲ್ಲಿರುವವರ ಹೆಸರು ಬರೆದ ಫಲಕವನ್ನು ಆ ಅಂಗಡಿಯ ಯಾವ ಗೋಡೆಯಲ್ಲೂ ನಾನು ಕಂಡಿಲ್ಲ, ರಿಯಾಯಿತಿಯ ಫಲಕಗಳಿಗೆ ಮಾತ್ರ ಬರವಿಲ್ಲ. ಆ ಅಂಗಡಿಯ ಸರಕು ಒಳ್ಳೆಯದು, ಬೆಲೆ ನ್ಯಾಯವಾದದ್ದು. ಹಬ್ಬದ ದಿನ ಅಲ್ಲಿಗೆ ಹೋಗಿ ನಾನೂ ಆ ಹೆಣ್ಣುಮಗಳ ಪಾಡ್ಯಮಿಯ ಗಿರಾಕಿಯಾದೆನೆಂಬುದೂ ನಿಜ.

ವಿದ್ಯಾರ್ಥಿ ಭವನದ ಶುಕ್ರವಾರಕ್ಕೂ ಆ ಬುಧವಾರಕ್ಕೂ ಲೆಕ್ಕದಲ್ಲಿ ಅಂತರವಿಲ್ಲ, ಎರಡೂ ಒಂದೊಂದು ದಿನವೇ. ಆದರೆ ಬಾಗಿಲು ಹಾಕಿದ ದಿನ ಯಾರಿಗೂ ಫೋನು ಬರುವುದಿಲ್ಲ. ಇಬ್ಬರು ಬಂದಿಲ್ಲ, ಒಂದೆರಡು ಗಂಟೆ ಬಂದು ಹೋಗು ಎನ್ನುವ ಮಾತಿಗೆ ಅಲ್ಲಿ ಎಡೆಯೇ ಇಲ್ಲ. ರಜೆ ಹಾಕಿದವನ ಪಾಲಿನ ಕೆಲಸವನ್ನು ಜೊತೆಯವನು ಗೊಣಗುತ್ತ ಹೊರಬೇಕಾಗಿಯೂ ಇಲ್ಲ. ಮಾಲೀಕನೂ, ಕಾವಲಿಯವನೂ, ಲೋಟ ತೊಳೆಯುವವನೂ ಒಂದೇ ದಿನ ಬಿಡುವಾಗಿರುತ್ತಾರೆ, ಮುಂದಿನ ತಿಂಗಳ ಮದುವೆಗೋ ಆಸ್ಪತ್ರೆಗೋ ಇಂಥ ದಿನವೆಂದು ಇಂದೇ ಗೊತ್ತುಮಾಡಿಕೊಳ್ಳಬಹುದು. ಸರದಿಯ ಪಟ್ಟಿಯಲ್ಲಿ ಸಿಗುವ ರಜೆ ಮ್ಯಾನೇಜರನ ಪೆನ್ನಿನ ತುದಿಯಲ್ಲಿರುತ್ತದೆ. ಆದ್ದರಿಂದಲೇ, ನೌಕರರಿಗೆ ರಜೆ ಕೊಟ್ಟರೆ ಸಾಕು, ಅಂಗಡಿ ಯಾಕೆ ಮುಚ್ಚಬೇಕು ಎಂಬ ವಾದವನ್ನು ನಾನು ಒಪ್ಪಲಾರೆ.

ಹಾಗಾದರೆ ಸಾರ್ವಜನಿಕ ರಜೆಗಳಲ್ಲೆಲ್ಲ ಅಂಗಡಿ ಮುಚ್ಚಬೇಕೇ? ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ವಿದ್ಯಾರ್ಥಿ ಭವನ ತೆರೆದಿರುತ್ತದೆ, ಆ ದಿನಗಳ ಸಾಲೇ ಎಲ್ಲಕ್ಕಿಂತ ಉದ್ದ. ಧ್ವಜಾರೋಹಣ ಮುಗಿಸಿ ಮಕ್ಕಳನ್ನು ಕರೆದುಕೊಂಡು ಬರುವವರ ರಜೆ ನಡೆಯುವುದು ದೋಸೆ ಹೊಯ್ಯುವವರ ದುಡಿಮೆಯ ಮೇಲೆ. ಇದನ್ನು ನಾನು ದೊಡ್ಡ ದೋಷವೆಂದು ಎಣಿಸುವುದಿಲ್ಲ, ಏಕೆಂದರೆ ಅಲ್ಲಿ ಶುಕ್ರವಾರವೆಂಬ ಅಲುಗದ ದಿನವೊಂದಿದೆ. ಉಳಿದ ಅಂಗಡಿಗಳ ವಿಷಯದಲ್ಲಿ ನನ್ನ ನಿಲುವು ಹೀಗೆ: ಆಗಸ್ಟ್ 15, ಅಕ್ಟೋಬರ್ 2ರಂಥ ದಿನಗಳಲ್ಲಿ, ನೌಕರರೇ ಆರಿಸಿಕೊಂಡರೆ, ಎರಡು ಪಟ್ಟು ಕೂಲಿಗೆ ತೆರೆದಿರಲಿ. ಯುಗಾದಿ, ಆಯುಧಪೂಜೆಯ ಮರುದಿನ, ದೀಪಾವಳಿ, ರಂಜಾನ್, ಕ್ರಿಸ್‌ಮಸ್‌ನಂಥ, ಮನೆಮಂದಿ ಒಟ್ಟಾಗಿ ಕೂತು ಉಣ್ಣುವ ದಿನಗಳಲ್ಲಿ ದೊಡ್ಡ ಅಂಗಡಿಗಳು ಕನಿಷ್ಠ ತಮ್ಮ ಬಹುಪಾಲು ನೌಕರರ ಹಬ್ಬದಂದಾದರೂ ಪೂರ್ತಿ ಬಾಗಿಲು ಹಾಕಲಿ. ಹಬ್ಬದ ಸಾಮಾನು ಹಿಂದಿನ ದಿನವೇ ತಂದಿಟ್ಟುಕೊಳ್ಳುವುದು ನಮ್ಮ ತಾಯಂದಿರಿಗೆ ಕಷ್ಟವಾಗಿರಲಿಲ್ಲ. ಅವರ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಫ್ರಿಜ್ಜೂ ಇರಲಿಲ್ಲ.

ಇದಕ್ಕೆ ಎದುರು ಹೇಳಬಹುದಾದ ಮಾತುಗಳಲ್ಲಿ ಹುರುಳಿರುವುದು ಎರಡು. ಗಂಡ ಹೆಂಡತಿ ಇಬ್ಬರೇ ನಡೆಸುವ ಕಿರಾಣಿ ಅಂಗಡಿ, ಬೀದಿಬದಿಯ ಹೂವಿನ ಬುಟ್ಟಿ, ಬಾಳೆಕಂದು ಮಾರುವವರ ಗಾಡಿ, ಇವರಿಗೆ ಹಬ್ಬದ ದಿನವೇ ಸುಗ್ಗಿ. ಇವರ ಬಾಗಿಲು ಹಾಕಿಸುವುದು ವಿಶ್ರಾಂತಿಯಾಗುವುದಿಲ್ಲ, ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ಯಾವ ನಿಯಮವೂ ಸಂಬಳದ ಆಳುಗಳಿರುವ ಅಂಗಡಿಗಳಿಂದ ಮೊದಲಾಗಬೇಕು. ಇನ್ನೊಂದು, ಪಿಜಿಗಳಲ್ಲಿ ಇರುವ ಪರಊರಿನ ಹುಡುಗ ಹುಡುಗಿಯರದು. ಯುಗಾದಿಯ ದಿನ ಮೆಸ್ಸೂ ಇಲ್ಲದೆ, ದರ್ಶಿನಿಯೂ ಇಲ್ಲದೆ, ಬೇಕರಿಯ ಬನ್ನು ತಿಂದು ಮಲಗಿದವರ ಸಂಖ್ಯೆ ಈ ಊರಿನಲ್ಲಿ ಸಣ್ಣದಲ್ಲ. ಔಷಧಿ ಅಂಗಡಿಗಳಂತೆ ತಿಂಡಿ ಊಟದ ಹೋಟೆಲುಗಳೂ ಹಬ್ಬದಂದು ಬಡಾವಣೆಗಿಷ್ಟು ಎಂದು ಪಾಳಿ ಹಾಕಿಕೊಂಡು ತೆರೆದರೆ ಇದು ಬಗೆಹರಿಯುತ್ತದೆ. ಬಟ್ಟೆ, ಚಿನ್ನ, ಮೊಬೈಲು, ಮಾಲುಗಳಿಗೆ ಈ ನೆಪವೂ ಇಲ್ಲ.

ಹತ್ತು ನಿಮಿಷದಲ್ಲಿ ಕೊತ್ತಂಬರಿ ತಲುಪಿಸುವ ಸೇವೆಗಳಿಗೆ ಬಾಗಿಲೇ ಇಲ್ಲದ್ದರಿಂದ ಮುಚ್ಚುವ ಮಾತು ಬರುವುದಿಲ್ಲ. ಬೈಕಿನ ಹುಡುಗರಿಗಾಗಿ ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ (ಆ್ಯಪ್ ಕೊಡುವ ಬಿಡಿ ಕೆಲಸ ಮಾಡುವವರ) ಕಾಯ್ದೆಯ ತಿರುಳು ಕಲ್ಯಾಣ ಶುಲ್ಕ ಮತ್ತು ಸಾಮಾಜಿಕ ಭದ್ರತೆ. ಹಬ್ಬದ ದಿನದ ಬಿಡುವಿನ ಪ್ರಶ್ನೆ ಅವರ ಪಾಲಿಗೆ ಇನ್ನೂ ಬೀದಿಯಲ್ಲೇ ಇದೆ.

ಇನ್ನು ಅಂಕ. ದೋಸೆಗೆ ಐದಕ್ಕೆ ನಾಲ್ಕೂವರೆ, ಕೇಸರಿಬಾತಿಗೆ ಮೂರು, ಬಡಿಸುವವರಿಗೆ ಪೂರ್ತಿ ಐದು, ಶುಕ್ರವಾರದ ಬೀಗಕ್ಕೂ ಐದು. ಹೋಗುವವರು ವಾರದ ನಡುವಿನ ದಿನ, ಬೆಳಗ್ಗೆ ಬೇಗನೆ ಹೋಗುವುದು ಕ್ಷೇಮ. ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಬಾಗಿಲು ಬಡಿಯಬೇಡಿ. ಶುಕ್ರವಾರವೇ ಬಸವನಗುಡಿಯ ಕಡೆ ಬಂದು ಹಸಿವಾದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ತೆರೆದಿರುತ್ತದೆ. ಇಡ್ಲಿ, ವಡೆ, ಖಾರಾಬಾತ್ ಸಿಗುತ್ತದೆ, ಕೇಳಿದಷ್ಟು ಚಟ್ನಿ ಹಾಕುತ್ತಾರೆ, ನಿಂತುಕೊಂಡೇ ತಿನ್ನಬೇಕು. ದೋಸೆ ಮಾತ್ರ ಅಲ್ಲಿ ಇಲ್ಲ, ಅದಕ್ಕೆ ಶನಿವಾರದವರೆಗೆ ಕಾಯಲೇಬೇಕು.