ಹಳೇ ಗಾಡಿ ಇರೋರು ದಯವಿಟ್ಟು ಓದಿ: ಹೋಗಿದ್ದು ಕಂಡೆನ್ಸರ್, ನಾನು ಕಾರ್ಬ್ಯುರೇಟರ್‌ಗೆ 14,000 ಕೊಟ್ಟೆ

ಅಪ್ಪನ 1978ರ ಪ್ರೀಮಿಯರ್ ಪದ್ಮಿನಿ ನಮ್ಮನೇಲಿದೆ. ಬೆಳಗ್ಗೆ ಚೋಕ್ ಎಳೆದರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಬಸವನಗುಡಿಯಿಂದ ಹೊರಟು ಸುತ್ತಾಡಿ ಮಿನರ್ವ ಸರ್ಕಲ್ ಸೇರೋ ಹೊತ್ತಿಗೆ ಎಂಜಿನ್ ಕಾದು ಮಿಸ್ ಹೊಡೆಯೋದು, ಜಗ್ಗಿ ಜಗ್ಗಿ ಆಫ್. ಅರ್ಧ ಗಂಟೆ ಬಿಟ್ಟು ತಣ್ಣಗಾದರೆ ಮತ್ತೆ ಸ್ಟಾರ್ಟ್.

ಹಳೇ ಗಾಡಿ ಚೆನ್ನಾಗಿ ಗೊತ್ತು ಅಂತ ಯಾರೋ ಹೇಳಿದ ಗ್ಯಾರೇಜಿಗೆ ಕೊಟ್ಟೆ. ಅವನು ಎಂಜಿನ್‌ಗೆ ಕಿಡಿ ಕೊಡೋ ಪ್ಲಗ್ ಬಿಚ್ಚಲಿಲ್ಲ. ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ತೆಗೆಯಲಿಲ್ಲ. ಬಾನೆಟ್ ಎತ್ತಿ ಒಂದು ಸಲ ರೇಸ್ ಮಾಡಿ, "ಕಾರ್ಬ್ಯುರೇಟರ್ ಹೋಗಿದೆ ಮೇಡಂ, ಹೊಸದೇ ಹಾಕ್ಬೇಕು" ಅಂದ. ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡೋ ಭಾಗ ಅದು.

"ಬಿಸಿಯಾದಾಗ ಮಾತ್ರ ಆಫ್ ಆಗ್ತಿದೆಯಲ್ಲ, ಕರೆಂಟ್ ಕಡೆ ನೋಡಿದ್ರಾ?" ಕೇಳಿದ್ದೆ ನಾನು. ಕೇಳಿದ್ದೆ!

"30 ವರ್ಷದಿಂದ ಇದೇ ಕೆಲಸ ಮೇಡಂ. ಮನೇಲಿ ಯಜಮಾನ್ರಿದ್ರೆ ಕಳಿಸಿ, ಅವ್ರಿಗೆ ಹೇಳಿದ್ರೆ ಅರ್ಥ ಆಗುತ್ತೆ."

ಆ ಮಾತಿಗೆ ಮುಖ ಸಣ್ಣದಾಗಿ ಸುಮ್ಮನೆ ದುಡ್ಡು ಕೊಟ್ಟೆ. ಮೂರನೇ ದಿನ ಅದೇ ಸರ್ಕಲ್ಲಲ್ಲಿ ಗಾಡಿ ಮತ್ತೆ ನಿಂತಿತು. ಹಿಂದೆ ಬಸ್ಸು, ಆಟೋ, ಎಲ್ಲರ ಬೈಗುಳ.

ಪಕ್ಕದ ರಸ್ತೆಯ ಎಲೆಕ್ಟ್ರಿಷಿಯನ್ ಬಂದು ಅಲ್ಲೇ ಪ್ಲಗ್ ಬಿಚ್ಚಿ ಎಂಜಿನ್‌ಗೆ ತಾಗಿಸಿ ಸೆಲ್ಫ್ ಹೊಡೆಸಿದರು. ಹಳದಿ ಬಣ್ಣದ ಬಡಕಲು ಕಿಡಿ. ಡಿಸ್ಟ್ರಿಬ್ಯೂಟರ್ ಒಳಗೆ ಕರೆಂಟ್ ಕೊಟ್ಟು ಬಿಟ್ಟು ಮಾಡೋ ಪಾಯಿಂಟ್ ಸುಟ್ಟು ಕರಿ ಹಿಡಿದಿತ್ತು. ಪಾಯಿಂಟಲ್ಲಿ ಕಿಡಿ ಹಾರದಂತೆ ತಡೆಯೋ ಕಂಡೆನ್ಸರ್ ಬಿಸಿಗೆ ಸೋತರೆ, ಪಾಯಿಂಟ್ ಬಿಡೋವಾಗ ಕಿಡಿ ಅಲ್ಲೇ ಹಾರುತ್ತೆ, ಪ್ಲಗ್‌ಗೆ ಜೋರಾಗಿ ಹೋಗಲ್ಲ ಅಂದರು. ಜೆ.ಸಿ. ರಸ್ತೆಯಿಂದ 200 ರೂಪಾಯಿ ಕಂಡೆನ್ಸರ್ ತಂದು, ಪಾಯಿಂಟ್ ಉಜ್ಜಿ ಗ್ಯಾಪ್ ಇಟ್ಟರು. ಗಾಡಿ ಸರಿಹೋಯ್ತು.

ಆಮೇಲೆ ಅವರು ಕಾರ್ಬ್ಯುರೇಟರ್ ತೋರಿಸಿ ಕೇಳಿದರು: "ಇದನ್ನಾ ಹೊಸದು ಅಂದಿದ್ದು?"

ಬಗ್ಗಿ ನೋಡಿದೆ. ಪೆಟ್ರೋಲ್-ಗಾಳಿ ಹದ ಮಾಡೋ ಮಿಕ್ಸ್ಚರ್ ಸ್ಕ್ರೂ ಸಂದಿಯಲ್ಲಿ ಕೆಂಪು ನೇಲ್ ಪಾಲಿಶ್. ಸೆಟ್ಟಿಂಗ್ ಗುರುತಿಗೆ ಅಂತ ಅಮ್ಮನ ಬಾಟಲಿಯಿಂದ ಅಪ್ಪ ಹಚ್ಚಿದ್ದು! ನಮ್ಮದೇ ಕಾರ್ಬ್ಯುರೇಟರ್. ತೊಳೆದು ಹೊಳಪು ಮಾಡಿ ನಮಗೇ ಮಾರಿದ್ದಾನೆ. ರಸ್ತೆಯಲ್ಲೇ ಕಣ್ಣಲ್ಲಿ ನೀರು ಬಂತು ನನಗೆ.

ಫೋನ್ ಮಾಡಿದರೆ, "ಹೊಸದು ಅಂದ್ರೆ ಹೊಸದರ ಥರ ಮಾಡಿದೀವಿ ಅಂತ ಮೇಡಂ. ಬಿಲ್ ನೋಡಿ." ಬಿಲ್ಲಲ್ಲಿ ಬರೆದಿದ್ದು 'ಕಾರ್ಬ್ಯುರೇಟರ್ ಕೆಲಸ' ಅಂತ ಅಷ್ಟೇ. ಹಳೇದು ಎಲ್ಲಿ ಅಂತ ಮೊದಲೇ ಕೇಳಿದಾಗ "ಗುಜರಿಗೆ ಹೋಯ್ತು" ಅಂದಿದ್ದ.

ಬಿಸಿಗೆ ನಿಂತು ತಣ್ಣಗಾದ ಮೇಲೆ ಸ್ಟಾರ್ಟ್ ಆಗೋ ಗಾಡಿ ಇದ್ದರೆ, ನಿಂತ ಜಾಗದಲ್ಲೇ ಮೊದಲು ಕಿಡಿ ನೋಡಿಸಿ. ನೀಲಿಯಾಗಿ ಚಟ್ ಅಂತ ಬಂದರೆ ಆಮೇಲೆ ಗಾಡಿಯೊಳಗಿನ ಪೆಟ್ರೋಲ್ ಪಂಪು, ಟ್ಯಾಂಕಿನ ತುಕ್ಕು ನೋಡಿಸಿ. ಬಿಚ್ಚಿದ ಹಳೇ ಸಾಮಾನು ಕೈಗೆ ಬರೋವರೆಗೂ ಒಂದು ರೂಪಾಯಿ ಕೊಡಬೇಡಿ.

14,000 ವಾಪಸ್ ಬಂದಿಲ್ಲ. ನಿನ್ನೆಯಿಂದ ಫೋನೂ ಎತ್ತುತ್ತಿಲ್ಲ.